ಬೊಲಿವಿಯಾ ಚೀಟಿ

ಸ್ಯಾಮ್ಸನ್ ಮಾಣಿಕ ಸರ್ ತಮ್ಮ ಊಟದ ಡಬ್ಬಿ ತೊಳದು ಒರಸಿ
ಅದರಾಗ ಹದಿಮೂರು ಚೀಟಿ ಹಾಕಿ ಕುಲುಕಿದರು.
"ಒಬ್ಬೊಬ್ಬರು ಒಂದೊಂದು ದೇಶ ತಗೋರಿ,
ಶನಿವಾರ ನಮ್ಮ ವಿಶ್ವಸಂಸ್ಥಿ ಕೂಡತದ."
ಚೀಟಿಗೆ ಇನ್ನೂ ಉಪ್ಪಿನಕಾಯಿ ವಾಸನಿ.

ಗಂಜಿನಾಗ ತೊಗರಿ ಚೀಲ ಹೊರೋ ಘಾಳೆಪ್ಪಗ ಅಮೆರಿಕ ಬಂತು.
"ಬ್ಯಾರೆ ಕೊಡ್ರಿ ಸರ್, ಇದು ಭಾರ ಆಗ್ತದ" ಅಂದ.
ನುಸ್ರತ್‌ಗ ಮಾಲ್ದೀವ್ಸ್. ಶಾಹಗಂಜಿನ ಅಂಗಡ್ಯಾಗ ದಿನಾ
ಮಂದೀದು ಪಾಸ್‌ಪೋರ್ಟ್ ಫಾರ್ಮು ತುಂಬೋ ಹುಡುಗಿ,
ತನ್ನ ಹೆಸರಿಲೆ ಒಂದೂ ತುಂಬಿಲ್ಲ ಇನ್ನೂ.
ವೈಜಿನಾಥಗ ಚಿಲಿ.
ನನಗ ಬೊಲಿವಿಯಾ.

ಹುಡುಕಬೇಕಾಯ್ತು. ನಕಾಶದಾಗ ನಡುವ ಅದ,
ಸುತ್ತ ಮಂದಿ, ಯಾವ ಕಡಿಗೂ ನೀಲಿ ಹತ್ತಿಲ್ಲ.
ನಮ್ಮ ಬೀದರಿನಂಗ.

ನಾ ಕಂಡಕ್ಟರ್. ಬೀದರ್–ಉದಗೀರ್, ಸಂಜಿ ಆರೂವರಿ ಗಾಡಿ.
ಕಮಲನಗರ ದಾಟಿದ ಮ್ಯಾಲ ಒಂದು ಕಡಿ
ಡಾಂಬರಿನ ಬಣ್ಣ ಬದಲಾಗ್ತದ, ಚಕ್ರದ ದನಿ ಬದಲಾಗ್ತದ,
ನಿದ್ದಿ ಹತ್ತಿದವರು ಒಮ್ಮೆ ಮಗ್ಗಲ ಹೊರಳ್ತಾರ.
ಅಷ್ಟೇ. ಅದಕ್ಕ ಗಡಿ ಅಂತಾರ.
"ಎಲ್ಲಿಗ್ರಿ" ಬಿಟ್ಟು "ಕುಠೆ" ಅಂತೀನಿ,
ಹಿಂದಿನ ಸೀಟಿನ ಮುದುಕಿ ಎರಡಕ್ಕೂ ಓ ಅಂತಾಳ.

ಸಾರ್ವಭೌಮತ್ವ ಅನ್ನೋ ಶಬ್ದ ಮೊದಲನೇ ವಾರ
ನಾಲಿಗಿ ಹತ್ತಲಿಲ್ಲ, ಫುಟ್‌ಬೋರ್ಡಿನ ಮ್ಯಾಲೇ ಜೋತು ನಿಂತಿತ್ತು.
ಒಳಗ ಬಾ, ಜಾಗಾ ಅದ ಅಂತ ನಾನೇ ಎಳಕೊಂಡೆ.
ಟಿಕೀಟ್ ಮಷೀನಿನ ತೆಳಗ ನೋಟ್ಸ್ ಇಟ್ಟು
ಭಾಲ್ಕಿ ಸ್ಟ್ಯಾಂಡಿನ ಹತ್ತು ನಿಮಿಷದಾಗ ಓದಿದೆ:
ಬೊಲಿವಿಯಾಕ್ಕ ಒಂದು ಕಾಲಕ್ಕ ಸಮುದ್ರ ಇತ್ತು,
ಯುದ್ಧದಾಗ ಚಿಲಿ ಕಸಕೊಂಡಿತು,
ನೂರಾ ನಲವತ್ತು ವರ್ಷದ ಮಾತು.
ಆದ್ರೂ ಅವರ ಹಂತೇಲಿ ನೌಕಾಪಡಿ ಅದ. ಖರೇನ.
ಸರೋವರದಾಗ ಹಡಗ ಓಡಿಸ್ತಾರ,
ವರ್ಷಕ್ಕೊಮ್ಮೆ ಸಮುದ್ರದ ದಿನ ಮಾಡ್ತಾರ.
ಡ್ರೈವರ್ ಎರಡು ಸಲ ಹಾರ್ನ್ ಹೊಡದ.
ನಾ ಸೀಟಿ ಊದೋದು ಮರತಿದ್ದೆ.

ಶನಿವಾರ ಬೆಂಚು ದುಂಡಗ ಇಟ್ಟರು.
ಮ್ಯಾಲ ತರಬೇತಿ ವಿಮಾನ ಹಾದಾಗೆಲ್ಲ
ಜಗತ್ತು ಸುಮ್ಮನ ಕೂಡಬೇಕು.
ಖಡು ಎತ್ತಿ ಹಿಡದು ಕಾಯೋ ಸರ್
ದನಿ ಅಡಗಿದ ಮ್ಯಾಲ ವಾಕ್ಯದ ಉಳದರ್ಧ ಹೇಳ್ತಿದ್ದರು.

ನನ್ನ ಪಾಳಿ. ಕೈಯಾಗ ಬರಕೊಂಡ ಹಾಳಿ ಇತ್ತು,
ಒಪ್ಪಂದ, ಕಲಮು, ಇಸವಿ.
ಬಾಯಾಗ ಬಂದದ್ದು ಬ್ಯಾರೇನ:

"ಅಧ್ಯಕ್ಷರ, ನಾ ಸಮುದ್ರ ನೋಡಿಲ್ಲ.
ಕ್ವಾಟಿ ಮ್ಯಾಲ ನಿಂತು ಥಂಡಿ ದಿನದಾಗ
ಬಯಲಿನ ಮ್ಯಾಲ ಬಿದ್ದ ಮಂಜು ನೋಡಿ
ಹಿಂಗೇ ಇರಬೇಕು ಅನಕೊಂಡೀನಿ, ಅಷ್ಟ.
ಸಮುದ್ರ ಇಲ್ಲದವರಿಗೆ ಹಡಗ ಯಾಕ ಅಂತ
ಚಿಲಿಯವರು ಈಗ ನಕ್ಕರು.
ನಮ್ಮವ್ವನ ತೌರಮನಿ ಹೊಲ ಕಾರಂಜಾ ನೀರಾಗ ಹೋಗ್ಯಾದ,
ನಾ ಹುಟ್ಟೋಕಿಂತ ಮೊದಲ.
ಪ್ರತಿ ಸುಗ್ಗಿಗೆ ಆಕಿ ಕುಡಗೋಲು ಮಸೀತಾಳ.
ಕೊಯ್ಯೋದೇನವ್ವಾ ಅಂತ ಕೇಳಿದರ
ತುಕ್ಕು ಹಿಡೀಬಾರದಲ್ಲ ಅಂತಾಳ."

ವಿಮಾನ ಬಂತು. ನಾ ನಿಂತೇ ಇದ್ದೆ.
ಅದು ಹೋದ ಮ್ಯಾಲ ಹೇಳಬೇಕಂದದ್ದು ಏನೂ ಉಳಿದಿರಲಿಲ್ಲ.

ಮತ ಹಾಕಿದರು. ನಾಲ್ಕೇ ಕೈ ನನ್ನ ಕಡಿ.
ಅಮೆರಿಕ ಎತ್ತಲೋ ಬ್ಯಾಡೋ ಅಂತ
ಹೆಗಲ ತಿಕ್ಕೋತ ಕುಂತು ಬಿಡ್ತು.
ಸಮುದ್ರ ಸಿಗಲಿಲ್ಲ.

ಆರೂವರಿ ಗಾಡಿಗೆ ವೈಜಿನಾಥನೂ ಹತ್ತಿದ.
ಹುರದ ಶೇಂಗಾದ ಪೊಟ್ಣ ಮುಂದ ಹಿಡದು
"ತಪ್ಪು ತಿಳಕೋಬ್ಯಾಡಕ್ಕಾ, ಚೀಟಿ ಬಂದಂಗ ಮಾತಾಡಿದೆ" ಅಂದ.
ಶೇಂಗಾ ತಗೊಂಡೆ.
"ಭಾಲ್ಕಿಗೆ ಚಿಲ್ಲರ ತೆಗಿ. ಚಿಲಿಗೆ ಪಾಸ್ ನಡಿಯಂಗಿಲ್ಲ."

ಕಮಲನಗರ ದಾಟಿತು. ಚಕ್ರದ ದನಿ ಬದಲಾಯ್ತು.
ಹಿಂದಿನ ಸೀಟಿನ ಮುದುಕಿ ಕಣ್ಣು ಬಿಟ್ಟು
ಬಂತೇನು ಅಂತ ಕೇಳಿದಳು,
ಮರಾಠ್ಯಾಗೋ ಕನ್ನಡದಾಗೋ ನೆನಪಿಲ್ಲ.
ಕಿಡಕಿ ಸರಿಸಿ ನೋಡಿದೆ. ಬರೇ ಕತ್ತಲಿ,
ಕೈಗೆ ಥಣ್ಣನ ಗಾಳಿ.
ಇನ್ನೂ ಇಲ್ಲ, ಮಲಕೋರಿ ಅಂದೆ.