ಯಾವ ಬಾಬ್ತು?

ಇಪ್ಪತ್ತಾರು ವರ್ಷ ಕಾಫಿ ಕ್ಯೂರಿಂಗಿನಲ್ಲಿ
ಔಟ್‌ಟರ್ನ್ ನೋಡುವುದೇ ನನ್ನ ಕೆಲಸ.
ಐವತ್ತು ಕಿಲೋ ಒಣಚೆರಿಯ ಚೀಲದಲ್ಲಿ
ಬೇಳೆ ಎಷ್ಟು, ಸಿಪ್ಪೆ ಎಷ್ಟು, ಜೊಳ್ಳು ಎಷ್ಟು,
ತೂಗುವುದು, ಬರೆಯುವುದು, ಸಹಿ ಹಾಕುವುದು.
ಸಾಹುಕಾರರ ಮುಖ ನೋಡಿ
ಮುಳ್ಳು ಅಲುಗಿದ್ದಿಲ್ಲ ಒಮ್ಮೆಯೂ.

ನಿವೃತ್ತಿಯಾದ ತಿಂಗಳೇ ಫಾದರ್ ಕರೆದು
ಇಗರ್ಜಿಯ ಲೆಕ್ಕದ ಪುಸ್ತಕ ಕೈಗಿಟ್ಟರು:
'ತ್ರೀಜಾ ಬಾಯಿ, ಇನ್ನು ಇದನ್ನು ತೂಗಿ.'
ಬಾಬ್ತುಗಳೆಲ್ಲ ಮೊದಲೇ ಅಚ್ಚಾಗಿದ್ದವು.
ಬಲಿಪೂಜೆ: ಮೇಣ, ಹೂವು, ದ್ರಾಕ್ಷಾರಸ.
ಕಟ್ಟಡ: ಸುಣ್ಣ, ಹೆಂಚು, ಗಂಟೆಯ ಹಗ್ಗ.
ಹಬ್ಬ: ಬ್ಯಾಂಡು, ಪಟಾಕಿ, ಊಟ.
ಪುಟ ಮುಗಿಯುವಲ್ಲಿ, ಹೊಲಿಗೆಯ ದಾರಕ್ಕೆ ಒತ್ತಿ,
ಬೆರಳಗಲದ ಜಾಗ: ಬಡವರು.

ತಪಸ್ಸುಕಾಲದ ಮೂರನೆಯ ವಾರ
ಸಿದ್ದಾಪುರದ ತೋಟಗಳಲ್ಲಿ ಮೆಣಸಿನ ಕೊಯ್ಲು.
ಹತ್ತಿದವನು ಬೀಳಲಿಲ್ಲ, ಏಣಿ ಜಾರಿತು.
ಬುಡದಲ್ಲಿ ಉದುರಿದ್ದನ್ನು ಆಯುತ್ತಿದ್ದ
ಎರವರ ಪಾಲಿಯ ಸೊಂಟದ ಮೇಲೆ.
ತೋಟ ನಮ್ಮ ಸಮಿತಿಯ ಅಲ್ಫೋನ್ಸರದ್ದು.
ಕೆಟ್ಟವರಲ್ಲ. ಜೀಪು ಕೊಟ್ಟರು,
ಮಡಿಕೇರಿಯವರೆಗೆ ಡೀಸೆಲ್ಲೂ ಕೊಟ್ಟರು.
ಅಲ್ಲಿಗೆ ಮುಗಿಯಿತು.

ಭಾನುವಾರ ಸಮಿತಿ ಸೇರಿತು.
ಪೀಠದ ಮುಂದಿನ ನೆಲಕ್ಕೆ ಗ್ರಾನೈಟ್,
ಕರಿಯದೋ ಕೆಂಪೋ, ಒಂದು ತಾಸು ಮಾತು.
ಪಾಲಿಯ ಹೆಸರು ಎತ್ತಿದೆ.
'ನಮ್ಮ ಧರ್ಮಕೇಂದ್ರದವಳಲ್ಲವಲ್ಲ,' ಎಂದಿತು ಒಂದು ದನಿ, ಮೆಲ್ಲಗೆ.
'ಪ್ರಾರ್ಥಿಸೋಣ,' ಎಂದಿತು ಇನ್ನೊಂದು.
ಎದ್ದು ನಿಂತು, ಕಣ್ಣು ಮುಚ್ಚಿ ಪ್ರಾರ್ಥಿಸಿದೆವು,
ಎರಡು ನಿಮಿಷ.
ನನಗೋ ಹಳೆಯ ಚಾಳಿ, ಮುಚ್ಚಿದ ಕಣ್ಣೊಳಗೇ
ತಕ್ಕಡಿ ತೂಗಾಡಿತು:
ಸಿಪ್ಪೆ ಬಿಡಿಸಿದರೆ ಇದರಲ್ಲಿ
ಬೇಳೆ ಎಷ್ಟು ಸಿಕ್ಕೀತು?

ಸೋಮವಾರ ಮೊದಲ ಬಸ್ಸು ಹತ್ತಿದೆ.
ಹೆಂಗಸರ ವಾರ್ಡು. ಕೊನೆಯ ಮಂಚ.
ಮಂಚದಡಿಯಲ್ಲಿ ಒಂಬತ್ತರ ಮಗಳು ಬೊಳ್ಚಿ,
ಬನ್ನಿನ ಅರ್ಧ ಅವ್ವನಿಗೆಂದು ಮುಷ್ಟಿಯಲ್ಲಿ.
ನರ್ಸು ರಿಜಿಸ್ಟರು ತೆರೆದಳು.
'ರೋಗಿಯ ಜೊತೆ ಯಾರು?' 'ನಾನು.'
'ಸಂಬಂಧ?'
ಪೆನ್ನು ಕಾಯುತ್ತಿತ್ತು.
ಎಷ್ಟು ಪ್ರಬೋಧನೆ ಕೇಳಿದ ಕಿವಿ ಇದು,
ಒಂದು ಪದ ಒದಗಲಿಲ್ಲ.
'ಇಗರ್ಜಿ ಲೆಕ್ಕದಮ್ಮ,' ಎಂದಳು ಬೊಳ್ಚಿ ಮಂಚದಡಿಯಿಂದ.
ನರ್ಸು ಅದನ್ನೇ ಬರೆದಳು.

ಹನ್ನೊಂದು ರಾತ್ರಿ.
ಜಪಮಾಲೆ ಚೀಲದಲ್ಲೇ ಉಳಿಯಿತು,
ಕೈಗೆ ಬಿಡುವಿರಲಿಲ್ಲ.
ಬೆಡ್‌ಪ್ಯಾನು, ಗಂಜಿ, ಒದ್ದೆ ಬಟ್ಟೆ,
ಎರಡು ತಾಸಿಗೊಮ್ಮೆ ಮಗ್ಗುಲು.
ನಾಲ್ಕನೆಯ ರಾತ್ರಿ ಪಾಲಿ ಕೇಳಿದಳು,
ಮಾಡಿನತ್ತ ನೋಡುತ್ತ:
'ನಿಮ್ಮ ದೇವರಿಗೆ ನನ್ನ ಸೇರಿಸಿಕೊಳ್ಳೋಕಾ ಇದೆಲ್ಲ?'
'ಅಲ್ಲ.'
'ಮತ್ತೆ?'
ಇಡೀ ವಾರ್ಡು ಉಸಿರಾಡುತ್ತಿತ್ತು.
'ಈ ಕಡೆ ತಿರುಗು,' ಎಂದೆ,
'ಬೆನ್ನು ಹುಣ್ಣಾದೀತು.'

ಊರಿಗೆ ಬಂದು ಪುಸ್ತಕ ಬಿಚ್ಚಿದೆ.
ಬಸ್ ಚಾರ್ಜು. ಫ್ಲಾಸ್ಕು. ಗಂಜಿಯ ಅಕ್ಕಿ.
ನಡೆಯಲು ಅಲ್ಯೂಮಿನಿಯಮ್ ವಾಕರು ಒಂದು.
ಬೆರಳಗಲದಲ್ಲಿ ಇದೆಲ್ಲ ಹಿಡಿಸುವುದೆಲ್ಲಿ?
ಪುಟದ ಮೇಲಕ್ಕೆ ಹೋದೆ,
ಮೇಣ, ಹೂವು, ದ್ರಾಕ್ಷಾರಸದ ಕೆಳಗೆ
ಒತ್ತಾಗಿ ಬರೆದೆ,
ಬಲಿಪೂಜೆಯ ಬಾಬ್ತಿಗೆ.

ಲೆಕ್ಕ ತಪಾಸಣೆಯ ಮಾಸ್ತರರು
ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ
ಪಕ್ಕಕ್ಕೆ ಪ್ರಶ್ನೆಯ ಕೊಕ್ಕೆ ಇಟ್ಟರು.
ಫಾದರ್ ನೋಡಿದರು. ಕನ್ನಡಕ ತೆಗೆದು
ಬಹಳ ಹೊತ್ತು ಒರೆಸಿದರು.
ಅಲ್ಫೋನ್ಸರು ಮಾತು ಬಿಟ್ಟಿದ್ದಾರೆ;
ಗ್ರಾನೈಟ್ ಬಂದಿದೆ, ಕೆಂಪು.
ಕೊಕ್ಕೆ ಅಲ್ಲೇ ಇದೆ, ನಾನು ಅಳಿಸಿಲ್ಲ,
ಉತ್ತರವನ್ನೂ ಬರೆದಿಲ್ಲ.

ನಿನ್ನೆ ಪೂಜೆ ಬಿಟ್ಟ ಹೊತ್ತಿಗೆ
ಗೇಟಿನ ಹೊರಗೆ ಬೊಳ್ಚಿ ನಿಂತಿದ್ದಳು.
ವಾಕರಿನ ಒಂದು ಕಾಲಿನ ರಬ್ಬರು ಸವೆದು
ಅವ್ವ ನಡೆದರೆ ಲೈನ್‌ಮನೆಯ ಸಿಮೆಂಟಿನಲ್ಲಿ
ಟಕ್ ಟಕ್ ಎನ್ನುತ್ತದಂತೆ.
'ಹೊಸದು ಎಷ್ಟಾಗುತ್ತೆ, ಲೆಕ್ಕದಮ್ಮ?'

'ಒಳಗೆ ಬಾ,' ಎಂದೆ. 'ನೋಡುವ.'