ತಿಳಿ ಮೊದಲು, ಕದಡು ಆಮೇಲೆ

ಬ್ರಾಕ್ಟನ್ನಿನ ಮೇನ್ ಸ್ಟ್ರೀಟಿನಲ್ಲಿ ಬಟ್ಟೆ ಒಗೆಯುವ ಅಂಗಡಿ.
ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ. ಬೀಗದ ಕೈ
ಇವಾನಿಲ್ಡಾಳ ಚಿಕ್ಕಮ್ಮನದು.
ಮಂಗಳವಾರ, ಗುರುವಾರ, ಕೊನೆಯ ಗಿರಾಕಿ
ಜೊತೆತಪ್ಪಿದ ಕಾಲ್ಚೀಲ ಹುಡುಕಿಕೊಂಡು ಹೋದ ಮೇಲೆ
ಬಟ್ಟೆ ಮಡಿಸುವ ಮೇಜೇ ನಮ್ಮ ಶಾಲೆ.
ನಾಲ್ಕು ಜನ. ಒಂದೇ ಪುಸ್ತಕ.
ಹಿಂದೆ ಓದಿದವರಾರೋ ಪೆನ್ಸಿಲಿನಲ್ಲಿ ಉತ್ತರ ಗುರುತಿಸಿದ್ದಾರೆ,
ಅರ್ಧಕ್ಕರ್ಧ ತಪ್ಪು.

ಹಗಲೆಲ್ಲ ಅವರಿವರ ಬೆನ್ನುಜ್ಜಿದ ಕೈ,
ಹಾಸಿಗೆಯ ಒದ್ದೆ ಬದಲಿಸಿದ ಕೈ,
ಇಲ್ಲಿ ಪುಟ ತಿರುವಲು ನಾಚುತ್ತದೆ.
ಡ್ರೈಯರಿನ ಬೆಚ್ಚನೆ ಹೊಟ್ಟೆಗೆ ಬೆನ್ನು ಆನಿಸಿ
ರೋಸ್‌ಲಾಂಡ್ ಉರು ಹೊಡೆಯುತ್ತಾಳೆ:
ಪೊಟ್ಯಾಶಿಯಂ ಮೂರೂವರೆಯಿಂದ ಐದು,
ಮೂರೂವರೆಯಿಂದ ಐದು.
'ಬಾಳೆಹಣ್ಣಿನ ರೇಟು ಕೂಗಿದ ಹಾಗಿದೆ' ಅನ್ನುತ್ತಾನೆ ಮರ್ವಿನ್.
ಐವತ್ತೇಳರ ಮರ್ವಿನ್. ಇಪ್ಪತ್ತಾರು ಚಳಿಗಾಲ
ಮನೆಮನೆಗೆ ಬಾಯ್ಲರಿನ ಎಣ್ಣೆ ತುಂಬಿದವನು;
ಮೊಣಕಾಲು ಇನ್ನು ಲಾರಿ ಹತ್ತಲಾರೆ ಅಂದಿತಂತೆ,
'ಸರಿ, ಮೇಜಿನಡಿ ಸುಮ್ಮನೆ ಕೂರು' ಅಂದನಂತೆ ಇವನು.

ಇವಾನಿಲ್ಡಾ ಎರಡು ಸಲ ಕೂತು ಎರಡು ಸಲ ನಪಾಸಾದವಳು.
ನಮಗೆ ಪಾಠ ಹೇಳುವವಳು ಅವಳೇ.
ಎರಡು ಬಗೆಯ ಇನ್ಸುಲಿನ್
ಒಂದೇ ಸಿರಿಂಜಿಗೆ ಎಳೆಯುವುದು ಹೇಗೆ?
ಒಂದು ಮುಚ್ಚಳದಲ್ಲಿ ಸಾಬೂನಿನ ನೀಲಿ ದ್ರವ,
ಇನ್ನೊಂದರಲ್ಲಿ ಬಟ್ಟೆ ಮೆದುವಾಗಿಸುವ ಹಾಲಿನಂಥದ್ದು:
'ತಿಳಿ ಮೊದಲು, ಕದಡು ಆಮೇಲೆ.
ಕದಡಿನ ಒಂದು ಹನಿ ತಿಳಿಯೊಳಗೆ ಬಿತ್ತೋ,
ಸೀಸೆ ಪೂರ್ತಿ ಕೆಟ್ಟಿತು.'
ಇಷ್ಟು ಬಲ್ಲವಳು ಯಾಕೆ ನಪಾಸಾದಳೆಂದು
ನಾವು ಕೇಳುವುದಿಲ್ಲ.

ಕಾಡುವ ಪ್ರಶ್ನೆಗಳೆಲ್ಲ ಒಂದೇ ಜಾತಿ:
ನಾಲ್ವರು ರೋಗಿಗಳು, ನೀನೊಬ್ಬಳು.
ಮೊದಲು ಯಾರ ಬಳಿ ಹೋಗುತ್ತೀ?
ನಾನೂ ರೋಸ್‌ಲಾಂಡಳೂ ಕ್ರೆಯೋಲಿನಲ್ಲಿ ಜಗಳಾಡಿ
ಇಂಗ್ಲಿಷಿನಲ್ಲಿ ಸೋಲುತ್ತೇವೆ.
ಅಳುವವನ ಬಳಿಗಲ್ಲ, ಅನ್ನುತ್ತದೆ ಪುಸ್ತಕ.
ಕೂಗುವವನಿಗೆ ಉಸಿರಿದೆ.
ಸುಮ್ಮನಿರುವವನನ್ನು ನೋಡು.

ಫೆಬ್ರವರಿಯ ಒಂದು ಗುರುವಾರ
ಒಬ್ಬರ ನಾಡಿ ಒಬ್ಬರು ಹಿಡಿದು ಕೂತೆವು.
ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ನನ್ನ ಚಾಳಿ.
ಮರ್ವಿನ್ನನ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟೆ.
ಒಂದು, ಎರಡು,
ಇಲ್ಲ.
ಮೂರು ನಾಲ್ಕು ಐದು ಓಡಿ ಬಂದವು,
ಆಮೇಲೆ ಮತ್ತೆ ಏನೂ ಇಲ್ಲ,
ಹರಿದ ಜೇಬಿನಿಂದ ಚಿಲ್ಲರೆ ಉದುರಿದ ಹಾಗೆ.
'ಕಾಫಿ ಜಾಸ್ತಿಯಾಯಿತು' ಅಂದ. ಯಾರೂ ನಗಲಿಲ್ಲ.
ಇವಾನಿಲ್ಡಾ ಪುಸ್ತಕ ಮುಚ್ಚಿದಳು.
'ಪೂರ್ತಿ ಒಂದು ನಿಮಿಷ' ಅಂದಳು ನನಗೆ. 'ಗುಣಿಸಬೇಡ.'
ಒಂದು ನಿಮಿಷ ಅಷ್ಟು ಉದ್ದವಿರುತ್ತದೆಂದು
ಅಲ್ಲಿಯ ತನಕ ಗೊತ್ತಿರಲಿಲ್ಲ.
ಡ್ರೈಯರಿನಲ್ಲಿ ಯಾರದೋ ಕೊನೆಯ ಗುಡ್ಡೆ ತಿರುಗುತ್ತಿತ್ತು,
ಒಂದು ಗುಂಡಿ ತಗಡಿಗೆ ಬಡಿಯುತ್ತ, ತಪ್ಪದೆ, ಸಮನಾಗಿ.
ರೋಸ್‌ಲಾಂಡ್ ಆಗಲೇ ಫೋನಿನಲ್ಲಿ ವಿಳಾಸ ಹೇಳುತ್ತಿದ್ದಳು.

ಈಗ ಅವನಿಗೆ ರಕ್ತ ತೆಳುಮಾಡುವ ಮಾತ್ರೆ.
ಆಸ್ಪತ್ರೆಯ ಹಾಸಿಗೆಯಿಂದಲೇ ಮೆಸೇಜು ಕಳಿಸಿದ:
'ಇದರ ಅಡ್ಡಪರಿಣಾಮ ಐದು ಹೇಳಿ ನೋಡೋಣ. ನಾನು ಬಲ್ಲೆ.'

ಏಪ್ರಿಲಿನಲ್ಲಿ ಪರೀಕ್ಷೆ. ಎಂಬತ್ತೈದನೆಯ ಪ್ರಶ್ನೆಗೆ
ನನ್ನ ಪರದೆ ತಟ್ಟನೆ ನಿಂತಿತು.
ಪಾಸಾದರೂ ಹಾಗೇ ನಿಲ್ಲುತ್ತದಂತೆ,
ನಪಾಸಾದರೂ ಹಾಗೇ.
ಎರಡು ಗೂಡು ಆಚೆ ಇವಾನಿಲ್ಡಾ ಇನ್ನೂ ಒತ್ತುತ್ತಿದ್ದಳು,
ಕತ್ತಿನ ಹಿಂದೆ ಬೆವರು.
ಹೊರಗೆ ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ
ಕಪ್ಪಾದ ಹಿಮದ ಕೊನೆಯ ಗುಪ್ಪೆ.
ಅದರ ಪಕ್ಕ ನಿಂತು ನನ್ನ ಮಣಿಕಟ್ಟು ನಾನೇ ಹಿಡಿದೆ.
ಗುಣಿಸಲಿಲ್ಲ.
ನಲವತ್ತೊಂದರವರೆಗೆ ಬಂದಿದ್ದೆ.
ಬಾಗಿಲು ತೆರೆಯಿತು. ಅವಳು.
ಲೆಕ್ಕ ತಪ್ಪಿತು.