ಬಾಗಿಲು ಹಾಕು

ಗ್ಲೌಸು ತೆಗೆಯಬೇಡ, ತಮ್ಮಾ. ಚಿಲ್ಲರೆ ನಾನೇ ಎಣಿಸಿಕೊಳ್ಳುತ್ತೇನೆ.
ಸೊನ್ನೆಯ ಕೆಳಗೆ ನಲವತ್ತಾರು ಇವತ್ತು;
ಲೇನಾ ನದಿಯ ಬೆನ್ನ ಮೇಲೆ ಲಾರಿ ಓಡುತ್ತಿದೆ.
ನನ್ನ ಮೀನು ನೋಡು, ಬಕೀಟಿನಲ್ಲಿ
ಸೌದೆಯ ಹಾಗೆ ನೆಟ್ಟಗೆ ನಿಂತಿವೆ,
ಬಡಿದರೆ ಠಣ್ ಅನ್ನುತ್ತವೆ.
ಕೊಳೆಯುವ ಭಯವಿಲ್ಲ. ಯಾಕುತ್ಸ್ಕ್‌ನ ಜನವರಿಯಲ್ಲಿ
ಫ್ರಿಜ್ಜಿಗೆ ಹಾಕುವುದು ಮೀನು ಬೆಚ್ಚಗಿರಲಿ ಅಂತ.

ನಗುತ್ತೀಯಾ? ನಗು, ಬಾಯಿ ಮುಚ್ಚಿಕೊಂಡು ನಗು.
ನಗೆಯ ಜೊತೆ ಹೊರಬಿದ್ದ ಉಸಿರು
ಆಗಲೇ ನಿನ್ನ ರೆಪ್ಪೆಯ ಮೇಲೆ ಬೆಳ್ಳಗೆ ಕೂತಿದೆ.

ನಮ್ಮಜ್ಜಿ ಅಕುಲೀನಾ ದಿನಕ್ಕೆ ನೂರು ಸಲ ಕೂಗುವವಳು:
"ಬಾಗಿಲು ಹಾಕು, ಚಳಿ ಒಳಗೆ ಬರುತ್ತೆ!"
ನನ್ನ ಗಂಡ ಪ್ರೊಕೋಪಿ ಬಾಯ್ಲರು ಮನೆಯವನು.
ಮದುವೆಯಾದ ವಾರವೇ ಅವಳನ್ನು ತಿದ್ದಲು ಹೋದ:
"ಅಜ್ಜೀ, ಚಳಿಗೆ ಕಾಲಿಲ್ಲ, ಅದು ಎಲ್ಲಿಗೂ ಬರುವುದಿಲ್ಲ.
ಹೋಗುವುದು ಬಿಸಿ. ಹಗ್ಗ ಹರಿದುಕೊಂಡ ಕುದುರೆ ಅದು,
ನಾವು ತುಂಡು ಹಗ್ಗ ಹಿಡಿದು ಹಿಂದೆ ಓಡುವವರು."
ಅಜ್ಜಿ ಒಲೆಯ ಬೂದಿ ಕೆದಕುತ್ತ ಅಂದಳು,
"ಸರಿಯಪ್ಪ, ಹೋಗುವುದೇ ಇರಲಿ. ನೀನು ಬಾಗಿಲು ಹಾಕು."

ನಾನು ಕಲಿತದ್ದೆಲ್ಲ ಇಲ್ಲಿ, ಈ ಹಲಗೆಯ ಹಿಂದೆ.
ಮರ, ಕಬ್ಬಿಣ ಎರಡೂ ಇಡೀ ರಾತ್ರಿ ಒಂದೇ ಚಳಿಯಲ್ಲಿ ಮಲಗಿದ್ದವು.
ಬೆಳಿಗ್ಗೆ ಮುಟ್ಟಿದರೆ ಮರ ಸುಮ್ಮನಿರುತ್ತದೆ,
ಕಬ್ಬಿಣ ಕಚ್ಚುತ್ತದೆ.
ಹೆಚ್ಚು ತಣ್ಣಗಿದೆ ಎಂದಲ್ಲ, ಅದರದು ಹೆಚ್ಚು ಆತುರ:
ಕೊಟ್ಟದ್ದನ್ನು ಗಬಕ್ಕನೆ ನುಂಗಿ, ಇನ್ನೂ ತಾ ಅನ್ನುತ್ತದೆ.
ಅದಕ್ಕೇ ತಕ್ಕಡಿಯ ಹಿಡಿಗೆ ಹಿಮಸಾರಂಗದ ಚರ್ಮ ಸುತ್ತಿದ್ದೇನೆ.

ಮಗಳು ಕ್ಯುನ್ನೇಯ್ ಐದು ವರ್ಷದವಳಿದ್ದಾಗ
ಜಾರುಬಂಡಿಯ ಕಂಬಿ ನೆಕ್ಕಿದಳು. ಯಾಕೆ ಅಂತ ಕೇಳಬೇಡ.
ನಾಲಿಗೆ ಅಂಟಿತು. ಎಳೆದಿದ್ದರೆ ಕಿತ್ತೇ ಬರುತ್ತಿತ್ತು.
ಅವಳಪ್ಪ ಎಳೆಯಲಿಲ್ಲ; ಮಂಡಿಯೂರಿ ಕೂತು
ಫ್ಲಾಸ್ಕಿನ ಚಹಾ ಸುರಿದ ಕಂಬಿಯ ಮೇಲೆ, ಉಗುರುಬೆಚ್ಚಗಿನದು, ಸಣ್ಣಗೆ.
ಕಬ್ಬಿಣದ ಹೊಟ್ಟೆ ತುಂಬಿತು. ಬಿಟ್ಟಿತು.
ಇಪ್ಪತ್ತಾರಾದರೂ ಅವಳು ಹಾಲು ಹಾಕಿದ ಚಹಾ ಕಂಡರೆ
ಮೊದಲು ನಾಲಿಗೆ ಮುಟ್ಟಿಕೊಳ್ಳುತ್ತಾಳೆ.

ಆ ಕೆಂಪು ಶಾಲಿನವಳು ಕಾಣುತ್ತಾಳಲ್ಲ, ಮಾತ್ರ್ಯೋನಾ.
ಹನ್ನೊಂದು ವರ್ಷದಿಂದ ನಮಗೆ ಮಾತಿಲ್ಲ.
ಕಾರಣ ಒಂದು ಗಜ ಜಾಗ,
ಗಾಳಿ ಬೀಸದ ಗೋಡೆಯ ಮಗ್ಗುಲಿನ ಒಂದು ಗಜ.
ಹೋದ ಡಿಸೆಂಬರಿನ ಒಂದು ದಿನ ಅವಳ ಬೆರಳು ಬಿಳಿಚಿಕೊಂಡಿದ್ದವು,
ಚೀಲದ ಗಂಟನ್ನು ಹಲ್ಲಿನಿಂದ ಎಳೆಯುತ್ತಿದ್ದಳು.
ನನ್ನ ಕೈಯಲ್ಲಿ ಆಗತಾನೇ ಬಗ್ಗಿಸಿದ ಚಹಾ.
ಕೊಟ್ಟೆ ಅಂತ ಹೇಳುವುದಿಲ್ಲ, ಸುಳ್ಳು ಯಾಕೆ,
ಹಲಗೆಯ ತುದಿಯಲ್ಲಿ ಲೋಟ ಇಟ್ಟು ಬೇರೆ ಕಡೆ ನೋಡಿದೆ.
ತಿರುಗಿದಾಗ ಲೋಟ ಅವಳ ಎರಡು ಅಂಗೈಗಳ ನಡುವೆ ಇತ್ತು.

ಕುಡಿಯಲಿಲ್ಲ. ಅಭಿಮಾನ.
ಬರೀ ಹಿಡಿದುಕೊಂಡಿದ್ದಳು, ಹೊಗೆ ನಿಲ್ಲುವ ತನಕ,
ಆಮೇಲೆ ತುಂಬಿದ್ದನ್ನು ತುಂಬಿದ ಹಾಗೇ ವಾಪಸು ಇಟ್ಟಳು.
ಒಂದು ಹನಿ ಕಡಿಮೆಯಿಲ್ಲ.
ಯಾರ ಋಣವನ್ನೂ ಮುಟ್ಟದವಳ ಹಾಗೆ
ಬೆರಳು ಮಡಚಿದಳು, ಬಿಚ್ಚಿದಳು, ಗಂಟು ಬಿಡಿಸಿದಳು.

ನಾನು ಆ ಚಹಾ ಕುಡಿದೆ. ಮೇಲೆ ಮಂಜಿನ ಕೆನೆ ಕಟ್ಟಿತ್ತು,
ಉಗುರಿನಿಂದ ಒಡೆದು ಕುಡಿದೆ.
ಮರುದಿನ ನನ್ನ ಬಕೀಟಿನಲ್ಲಿ ಒಂದು ಮುಕ್ಸೂನ್ ಜಾಸ್ತಿ ಇತ್ತು.
ಮಾತು? ಇನ್ನೂ ಇಲ್ಲ. ಗೋಡೆಯ ಜಾಗ? ಅದೂ ಅವಳದ್ದೇ.

ಪ್ರೊಕೋಪಿ ಸಂಬಳದ ದಿನ ಗೊಣಗುತ್ತಾನೆ:
ದುಡ್ಡು ಇದ್ದವರ ಮನೆಗೆ ಮೆಟ್ಟಿಲು ಹತ್ತಿ ಹೋಗುತ್ತೆ,
ಬಿಸಿಯೊಂದೇ ಇಲ್ಲದವರನ್ನು ಹುಡುಕಿಕೊಂಡು ಇಳಿಯೋದು.
ಅವನ ಮಾತು ಬಿಡು, ಸೊಂಟನೋವು ಅವನಿಗೆ.

ಅಯ್ಯೋ, ಗ್ಲೌಸು ತೆಗೆದೇಬಿಟ್ಟೆಯಾ! ತಾ ಇಲ್ಲಿ.
ನಾಣ್ಯ ಬೆಚ್ಚಗಿವೆ. ಒಳಂಗಿಯ ಜೇಬಿನವು, ಅಲ್ಲವಾ?
ಹಾಗಾದರೆ ಜಾಸ್ತಿಯೇ ಕೊಟ್ಟೆ ನೀನು, ಲೆಕ್ಕಕ್ಕೆ ಸಿಗದಷ್ಟು.
ನಾನು ಕೊಡುವ ಚಿಲ್ಲರೆ ಬರೀ ಚಿಲ್ಲರೆ.
ಬೇಗ ಕೈ ಮುಚ್ಚು.